ಕರಿಯವ್ವನ ಒಂದು ಪಾವು ಹಿಕ್ಕೆ

ಯಾವ ಜಾತಿ ಆಡು ಕಟ್ಟಿದ್ರೆ ತಿಂದದ್ದು ಮೈಗೆ ಹತ್ತುತ್ತೆ ಅಂತ ನನ್ನೇ ಯಾಕ್ರಪ್ಪ ಕೇಳ್ತೀರಿ? ಆಡಿನ ಹೊಟ್ಟೆಯೊಳಗೆ ನಾನೇನು ದೀಪ ಹಿಡ್ಕೊಂಡು ಹೋಗಿ ಬಂದಿದೀನಾ? ಇದನ್ನ ಕಂಡುಹಿಡೀತೀನಿ ಅಂತ ಹೊರಟೋನು ಒಬ್ಬ ಇದ್ದ. ಅವನ ಪಾಡು ಹೇಳ್ತೀನಿ, ಕೇಳಿ. ಹೂಂ ಅನ್ಬೇಕು ಮತ್ತೆ. ಗೋಡೆಗೆ ಕತೆ ಹೇಳಿ ಹೇಳಿ ನಂಗೂ ಸಾಕಾಗಿದೆ.

ಏಳು ಹಳ್ಳ ದಾಟಿದ್ರೆ ಒಂದು ಸೀಮೆ. ಹೆಸರು ಕೇಳ್ಬೇಡಿ, ಅಲ್ಲಿನೋರಿಗೇ ಗೊತ್ತಿರಲಿಲ್ಲ. ಅಲ್ಲೊಬ್ಬ ದೊರೆ. ದೊರೆಗೆ ಬೀಗರ ಮನೆಯಿಂದ ಒಂದು ಹಾಲಿನ ಆಡು ಬಂತು. ಬೆಳ್ಳಗೆ, ಎತ್ತರಕ್ಕೆ, ಕಿವಿ ಮೊಣಕಾಲ ತಂಕ. ದೊರೆ ಅದನ್ನ ನೋಡಿದ. ಸೀಮೆಯ ಕರೀ ಆಡು ನೋಡಿದ. ಮೂಗು ಮುರಿದ.

"ಎರಡು ಜಾತಿಗೂ ಮೇವು ಸಾಲಲ್ಲ. ತಿಂದದ್ದು ಯಾವುದಕ್ಕೆ ಅರಗ್ತದೋ ಅದು ಉಳೀಲಿ. ಬಿಳೀದು ಸೋತ್ರೆ ವಾಪಸ್ ಬೀಗರ ಮನೆಗೆ. ಕರೀದು ಸೋತ್ರೆ ಕರೀ ಆಡೆಲ್ಲ ಕಟುಕನಿಗೆ!"

ಪರೀಕ್ಷೆ ಮಾಡೋರು ಯಾರು? ಆಡು ಕಾಯೋ ಮಾಳಿಂಗ. ಪಾಪ, ಅವನಿಗಿದ್ದದ್ದೂ ಒಂದೇ ಕರೀ ಆಡು, ಕರಿಯವ್ವ. ಮನೆ ಮಕ್ಕಳು ಕುಡೀತಿದ್ದದ್ದು ಅದರ ಹಾಲೇ.

"ಬುದ್ಧಿ, ಹೊಟ್ಟೇಲಿ ಅರಗಿದ್ದನ್ನ ಹೆಂಗೆ ನೋಡೋದು?"

"ಅಯ್ಯೋ ದಡ್ಡ! ಒಳಗೆ ಹೋದದ್ದು ಅಳೆ, ಹೊರಗೆ ಬಂದದ್ದು ಅಳೆ. ಹಿಕ್ಕೆ ಕಮ್ಮಿ ಹಾಕಿದ್ದು ಗೆಲ್ತು."

ಎರಡನ್ನೂ ಮಾಳಿಂಗನ ಹಿತ್ತಲಲ್ಲಿ ಕಟ್ಟಿದ್ರು. ಹಾಲು ಎರಡರದ್ದೂ ಒಂದೊಂದು ಚೊಂಬು, ಸಮಸಮ. ಹಂಗಾಗಿ ಸೀಮೆಯ ಕರೀ ಆಡುಗಳ ಪ್ರಾಣವೆಲ್ಲ ಹಿಕ್ಕೆ ಮೇಲೆ ನಿಂತಿತು.

ಮೊದಲ ದಿನ ಎರಡಕ್ಕೂ ಒಂದೊಂದು ಕುಕ್ಕೆ ಹುರುಳಿ ಹೊಟ್ಟು. ಬಿಳೀದು ಮೂಸಿ ಮುಖ ತಿರುಗಿಸ್ತು. ಕರಿಯವ್ವ ತನ್ನದು ತಿಂತು, ಅದರದ್ದೂ ತಿಂತು, ಕುಕ್ಕೇನೂ ತಿಂತು. ಇನ್ನೇನು ಅಳೀತೀರಿ?

ಎರಡನೇ ದಿನ ಎರಡಕ್ಕೂ ಬಾಲದ ಕೆಳಗೆ ಬಟ್ಟೆ ಚೀಲ ಕಟ್ಟಿದ. ಹಿಕ್ಕೆ ನೆಲಕ್ಕೆ ಬೀಳಬಾರದಲ್ಲ? ಅವನು ನೀರು ಕುಡಿದು ಬರೋದ್ರೊಳಗೆ ಕರಿಯವ್ವ ಬಿಳೀದರ ಚೀಲ ತಿಂದಿತ್ತು. ಆ ಚೀಲ ಎಲ್ಲಿಂದು? ಹೆಂಡತಿ ಪುಟ್ಟೀರಿ ತವರಿಂದ ತಂದ ಸೀರೆ ಹರಿದು ಮಾಡಿದ್ದು. ಅವತ್ತು ಆ ಮನೇಲಿ ಹೊಟ್ಟೆ ತುಂಬಾ ಉಂಡದ್ದು ಆಡು ಒಂದೇ.

ಮೂರನೇ ದಿನ ಮಾಳಿಂಗ ನಡುವೆ ಬಿದಿರ ತಟ್ಟಿ ಕಟ್ಟಿ ತಾನೇ ಕಾವಲು ಕೂತ. ಬಿಳೀದೂ ಹಸಿವಿಗೆ ಸೋತು ತಿಂತು. ಹೊತ್ತೇರಿತು, ಹೊತ್ತಿಳೀತು, ಇವನು ಅಲ್ಲಾಡಲಿಲ್ಲ. ಉಣ್ಣೋಕೆ ಮಾತ್ರ ಎದ್ದ. ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತಿಗೆ, ಮೂರು ಸಲ.

ಸಂಜೆ ದೊರೆ ಬಂದ. ಹಿಕ್ಕೆ ಗುಡಿಸಿ ಅಳೆದ್ರು. ಬಿಳೀದರದ್ದು ಎರಡು ಸೇರು. ಕರಿಯವ್ವಂದು? ಒಂದು ಪಾವು!

"ಬರೀ ಪಾವೇನೋ?"

"ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ ಬುದ್ಧಿ. ನಮ್ಮದು ಮುಟ್ಟಿದ್ದನ್ನ ಹೊರಕ್ಕೂ ಬಿಡಲ್ಲ."

ದೊರೆ ತಲೆದೂಗಿದ. ಬಿಳೀದಕ್ಕೆ ಹೂವಿನ ಹಾರ ಹಾಕಿ ಬೀಗರ ಮನೆಗೆ ಕಳಿಸಿದ. ಕರೀ ಆಡೆಲ್ಲ ಉಳಿದ್ವು.

ಕತೆ ಗೂಟಕ್ಕೆ ಬಂತು, ನಾವು ಮನೆಗೆ ಹೋಗಾನ ಅಂತ ಏಳ್ಬೇಡಿ. ಕೂತ್ಕೊಳ್ರಪ್ಪ!

ಮಾಳಿಂಗ ಮೀಸೆ ತಿರುವ್ಕೊಂಡು ಒಳಗೆ ಹೋದ. ಪುಟ್ಟೀರಿ ಮುದ್ದೆ ತಿರುವ್ತಿದ್ಲು.

"ನೋಡ್ದೇನೇ, ನಮ್ಮ ಆಡು ಅರಗಿಸ್ಕೊಳ್ಳೋದನ್ನ?"

"ಏನು ಅರಗಿಸ್ಕೊಳ್ಳೋದು? ನಿಂಗೆ ಉಣ್ಣೋಕಿಕ್ಕಿ, ಹೋಗಿ ಅದರ ಹಿಕ್ಕೆ ಬಾಚಿ ಬದನೆ ಗಿಡಕ್ಕೆ ಹಾಕಿದ್ದು ನಾನಲ್ವಾ? ದಿನಾ ಹಾಕೋ ಹಂಗೆ. ಕಡೇ ಸಲ ಮಾತ್ರ ಕೈಬಿಡ್ತು, ಸಾರು ಉಕ್ತಿತ್ತು."

ಮಾಳಿಂಗ ಮೀಸೆಯಿಂದ ಕೈ ತೆಗೆದ. "ಮತ್ತೆ... ಬಿಳೀದರದ್ದು ಯಾಕೆ ಬಾಚಲಿಲ್ಲ?"

"ಅಯ್ಯೋ, ಅರಮನೇದು ಕಣಯ್ಯ ಅದು. ಮುಟ್ಟೋಕೆ ನಾವೇನು ಕಳ್ಳರಾ?"