ಮನೆಯವರೆಲ್ಲರ ಸಹಿ

ಅಯ್ಯೋ, ನಾಯಿ ಮರಿ ಬೇಡ ಮೇಡಂ, ಎಷ್ಟು ಸಲ ಹೇಳ್ಲಿ! ಮರಿ ತಗೊಂಡು ಹೋಗಿ ಅದರ ಉಚ್ಚೆ ಒರೆಸ್ತಾ ಕೂತ್ಕೊಳ್ಳೋಕೆ ನನಗೆಲ್ಲಿ ಪುರುಸೊತ್ತು? ಮನೇಲೇ ಹೊಲಿಯೋಳು ನಾನು. ಎರಡು ಶಾಲೆ ಯೂನಿಫಾರ್ಮು ಮೆಷಿನ್ ಮೇಲೆ ರಾಶಿ ಬಿದ್ದಿದೆ. ನನಗೆ ಆ ಕೊನೇ ಗೂಡಿನದು ಕೊಡಿ, ಸಾಕು. ಕಂದು ಬಣ್ಣದ್ದು, ಒಂದು ಕಿವಿ ಜೋತುಬಿದ್ದಿದೆಯಲ್ಲ, ಅದು. ...ಹೂಂ, ಗೊತ್ತು, ಮುದುಕೀನೇ. ಮುದುಕಿಗೆ ಮುದುಕಿ ಜೋಡಿ. ಬೇಕಾಗಿರೋದು ನನಗಲ್ಲ, ನಮ್ಮತ್ತೆಗೆ.

ಯಾಕೆ ನಗ್ತೀರಿ? ಅತ್ತೆಗೆ ಅಂತ ಸೊಸೆ ನಾಯಿ ಹುಡುಕ್ಕೊಂಡು ಹೀಗೆ ಅನಾಥ ಪ್ರಾಣಿಗಳ ಆಶ್ರಮಕ್ಕೆ ಬರೋದನ್ನ ನೋಡಿಲ್ವಾ? ...ನಾನೂ ನೋಡಿಲ್ಲ ಬಿಡಿ.

ಆ ಬೆಕ್ಕಿನ ಮರಿಗೆ ಹಾಲು ಕುಡಿಸಿ ಮುಗಿಸಿ ಮೊದಲು, ಆಮೇಲೇ ಬರ್ಕೊಳ್ಳಿ. ನನಗೇನೂ ಅವಸರ ಇಲ್ಲ. ಅಂದ್ರೆ... ಇದೆ. ಇವತ್ತು ಗುರುವಾರ ಅಲ್ವಾ? ಶನಿವಾರದೊಳಗೆ ನಾಯಿ ಮನೇಲಿರಬೇಕು. ಶನಿವಾರ ಬೆಳಿಗ್ಗೆ ಅತ್ತೇನ ವೃದ್ಧಾಶ್ರಮಕ್ಕೆ ಬಿಟ್ಟು ಬರ್ತಾರಂತೆ ನಮ್ಮ ಯಜಮಾನ್ರು. ಅವರೂ ನಾದಿನೀನೂ ಸೇರ್ಕೊಂಡು ತೀರ್ಮಾನ ಮಾಡಿದ್ದು. ನನ್ನನ್ನ ಯಾರು ಕೇಳ್ತಾರೆ? ಬಡಿಸೋಕೆ ನಾನು, ಮಾತಾಡೋಕೆ ಅವರು.

ಮರೆವು ಮೇಡಂ. ಅತ್ತೆಗೆ ಮರೆವು. ಮೂರು ತಿಂಗಳಿಂದ. ಒಲೆ ಹಚ್ಚೋಕೆ ಹೋಗಿ ನಿಂತ್ಬಿಡ್ತಾರೆ, "ಆರಿಸಿದ್ನಾ ನೋಡಮ್ಮ" ಅಂತಾರೆ. ಬೀಗ ಹಾಕಿದ್ಮೇಲೆ "ಹಾಕಿದ್ನಾ ನೋಡಮ್ಮ". ನಲ್ಲಿ ತಿರುಗಿಸಿ "ನಿಲ್ಲಿಸಿದ್ನಾ ನೋಡಮ್ಮ". ದಿನಕ್ಕೆ ಇಪ್ಪತ್ತು ಸಲ! ಡಾಕ್ಟರು ಮಾತ್ರೆ ಬರ್ಕೊಟ್ಟಿದ್ದಾರೆ. ನನ್ನೆದುರಿಗೇ ಬಂದು ನಿಂತು ನುಂಗ್ತಾರೆ, ಬಾಯಿ ತೆರೆದು ತೋರಿಸ್ತಾರೆ ಬೇರೆ.

ಏನು ಹಾಗೆ ನೋಡ್ತೀರಿ? ಪೀಡೆ ತೊಲಗ್ತು ಅಂತ ನಾನು ಕುಣಿಬೇಕಿತ್ತು ಅಂತಾನಾ? ಕುಣೀತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಹನ್ನೆರಡು ವರ್ಷದಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಆದ್ರೆ ಮೊನ್ನೆ ಅವರ ಟ್ರಂಕು ನೋಡಿದೆ... ಎರಡು ಸೀರೆ, ಒಂದು ಕನ್ನಡಕ, ಒಂದು ಖಾಲಿ ಬಿಸ್ಕತ್ ಡಬ್ಬಿ. ಅಷ್ಟೇ ತುಂಬ್ಕೊಂಡಿದ್ದಾರೆ. ಅದಕ್ಕೇ ಇವತ್ತು ಮೆಷಿನ್ ಬಿಟ್ಟು ಇಲ್ಲಿಗೆ ಓಡಿಬಂದೆ. ನಾಯಿ ಬಂದ್ರೆ ಸರಿಹೋಗ್ತಾರೆ. ಖಂಡಿತ ಸರಿಹೋಗ್ತಾರೆ. ಆಗ ಯಾಕೆ ಕಳಿಸ್ತಾರೆ, ಹೇಳಿ?

ಹೂಂ, ಬರ್ಕೊಳ್ಳಿ. ಮನೇಲಿ ಮೂರು ಜನ. ಅತ್ತೆ, ಯಜಮಾನ್ರು, ನಾನು. ಯಜಮಾನ್ರದು ಪ್ರೆಸ್ಸಲ್ಲಿ ಕೆಲಸ. ಅಂಗಳಕ್ಕೆ ಗೇಟಿದೆ, ಚಿಲಕ ಗಟ್ಟಿಯಾಗಿದೆ. ನಾಯಿ ನೋಡ್ಕೊಳ್ಳೋಕೆ ಬರುತ್ತಾ ಅಂದ್ರೆ... ಬರದೇ ಏನು! ಅದಕ್ಕೆ ತಟ್ಟೆ ನೆಲದ ಮೇಲಿಟ್ರೆ ತಿನ್ನಲ್ಲ, ಕತ್ತು ನೋವು, ಮೆಟ್ಟಿಲ ಮೇಲಿಡಬೇಕು. ಬ್ರೆಡ್ಡು ನೆನೆಸಿ ಕೊಡಬೇಕು, ಹಿಂದಿನ ಹಲ್ಲಿಲ್ಲ. ಗುಡುಗು ಬಂದ್ರೆ ಹೊಲಿಗೆ ಮೆಷಿನ್ ಕೆಳಗೆ ನುಗ್ಗಿ...

ಯಾಕೆ ಬರೆಯೋದು ನಿಲ್ಲಿಸಿದ್ರಿ?

ಇಲ್ಲಪ್ಪ, ಹಾಗೇ ಅಂದೆ. ಮುದಿ ನಾಯಿಗಳೆಲ್ಲ ಹಾಗೇ ಅಲ್ವಾ? ಪಕ್ಕದ ಮನೇಲಿ ಒಂದಿತ್ತು. ...ಏನು? ಆ ಬೋರ್ಡಾ? ಓದಿದೆ. "ಮನೆಯವರೆಲ್ಲರೂ ಬಂದು ನಾಯಿಯನ್ನು ನೋಡಿ ಸಹಿ ಹಾಕತಕ್ಕದ್ದು." ಅಲ್ಲ, ಇದೇನು ಹೆಣ್ಣು ನೋಡೋ ಶಾಸ್ತ್ರಾನಾ? ಯಜಮಾನ್ರನ್ನ ಕರ್ಕೊಂಡ್ಬರ್ತೀನಿ, ತೋರಿಸಿದ ಕಡೆ ಹಾಕ್ತಾರೆ. ಅತ್ತೆ ಬರೋಕಾಗಲ್ಲ. ಮಂಡಿ ನೋವು. ದೂರ ಆಗುತ್ತೆ.

...ಹೌದು, ಎರಡೇ ಬೀದಿ. ಎರಡು ಬೀದೀನೂ ದೂರಾನೇ ಮೇಡಂ ಅವರಿಗೆ! ಬೇಡ ಅಂದ್ರೆ ಬೇಡ. ಅವರು ಬಂದ್ರೆ... ನೀವು ಏನಾದ್ರೂ ಅಂತೀರಿ. ಯಾವಾಗ ಸಿಕ್ತು, ಹೇಗೆ ಸಿಕ್ತು, ಯಾರು ತಂದು ಬಿಟ್ರು... ಮುದುಕರ ಹತ್ರ ಅದೆಲ್ಲ ಯಾಕೆ? ನಾಯಿ ತಾನಾಗೇ ವಾಪಸ್ ಬಂತು ಅನ್ಕೊಳ್ಳಲಿ ಪಾಪ.

"ವಾಪಸ್" ಅಂದ್ನಾ ನಾನು?

...ಏನಾದ್ರೂ ಅನ್ನಿ ಮೇಡಂ. ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂರಬೇಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನೀವು ಕಳ್ಳ ಅನ್ನೋಕೂ ಮುಂಚೇನೇ ಮುಟ್ಟಿ ನೋಡ್ಕೊಂಡ್ಬಿಟ್ಟೆ ನಾನು. ಹೂಂ. ನಮ್ಮದೇ ನಾಯಿ ಅದು. ಗೂಡಿನ ಮೇಲೆ ನೀವು ರಾಣಿ ಅಂತ ಬರೆದಿದ್ದೀರಿ, ಆ ಹೆಸರಿಗೆ ಅದು ತಿರುಗೀನೂ ನೋಡಲ್ಲ. ಬೊಗಸೆ ಅದರ ಹೆಸರು. ಬೊಗಸೆಯಷ್ಟೇ ಇತ್ತಂತೆ ಅತ್ತೆಗೆ ಸಿಕ್ಕಾಗ. ಮೂರು ತಿಂಗಳ ಹಿಂದೆ ನಿಮ್ಮ ಗೇಟಿಗೆ ಕಟ್ಟಿಹೋದವಳು ನಾನೇ. ಲೈನಿಂಗ್ ಬಟ್ಟೆ ಪಟ್ಟಿ ಮೂರು ಮಡಿಸಿ, ಮೆಷಿನ್ನಲ್ಲಿ ಹೊಲಿದು ಹಗ್ಗ ಮಾಡ್ಕೊಂಡು ಬಂದಿದ್ದೆ. ವಾಕಿಂಗು ಅನ್ಕೊಂಡು ಬಾಲ ಅಲ್ಲಾಡಿಸ್ಕೊಂಡು ಬಂತು ಬೇಕೂಫ ಪ್ರಾಣಿ.

ಯಾಕೆ ಅಂದ್ರೆ... ಕೂದಲು! ಗಿರಾಕಿ ರೇಷ್ಮೆ ಬಟ್ಟೆ ತುಂಬ ನಾಯಿ ಕೂದಲು. ಒಬ್ಬಾಕೆ ಬಟ್ಟೆ ಮುಖಕ್ಕೆ ಎಸೆದು ಹೋದಳು. ನೀವಾಗಿದ್ರೆ ತಡ್ಕೋತಿದ್ರಾ?

ಕೂದಲಲ್ಲ, ಬಿಡಿ. ಕೂದಲಾದ್ರೆ ಗುಡಿಸ್ಬಹುದಿತ್ತು. ಜ್ವರ ಬಂದು ಮಲಗಿದ್ದೆ ಒಂದಿನ. ಅತ್ತೆ ಹೊರಗೆ ಮೆಟ್ಟಿಲ ಮೇಲೆ ಕೂತು ನಾಯಿ ತಲೆ ಸವರ್ತಾ ಹೇಳ್ತಾರೆ, "ಈ ಮನೇಲಿ ನನಗೆ ಅಂತ ಇರೋಳು ನೀನೊಬ್ಬಳೇ ಕಣೇ." ನೀನೊಬ್ಬಳೇ! ಹನ್ನೆರಡು ವರ್ಷ ಅವರ ಕಾಲೊತ್ತಿದ್ದು, ಕನ್ನಡಕ ಹುಡುಕಿಕೊಟ್ಟಿದ್ದು, ಅವರ ರವಿಕೆ ಹೊಲಿದಿದ್ದು, ಎಲ್ಲ ಹೊಳೇಲಿ ಹುಣಸೆಹಣ್ಣು ಹಿಂಡಿದ ಹಾಗೆ. ನಾಯಿ ಮೇಲೆ ಹೊಟ್ಟೆಕಿಚ್ಚು! ನಗಿ, ಈಗ ನಗಬಹುದು.

ನಗ್ತಿಲ್ವಾ?

ಹುಡುಕಿದ್ವಿ ಆಮೇಲೆ. ಬೀದಿ ಬೀದಿ. ಯಜಮಾನ್ರು ಇಲ್ಲಿಗೂ ಹೊರಟಿದ್ರು, "ನಾನು ಕೇಳ್ಕೊಂಡು ಬರ್ತೀನಿ, ನೀವು ಕೆಲಸಕ್ಕೆ ಹೋಗಿ" ಅಂದೆ. ಮೂಲೆ ಅಂಗಡಿವರೆಗೂ ಬಂದು ವಾಪಸ್ ಹೋಗಿ "ಅಲ್ಲಿಲ್ಲ" ಅಂದೆ. ಅಷ್ಟೇ. ತಪ್ಪು ಅಷ್ಟೇ. ಈಗ ಸರಿ ಮಾಡೋಕೆ ಬಂದಿದ್ದೀನಲ್ಲ? ಫಾರಂ ಕೊಡಿ.

ಕೊಡಿ ಮೇಡಂ.

...ಇನ್ನೇನಿದೆ ಹೇಳೋಕೆ? ಹಾಗೆ ನೋಡಬೇಡಿ ನನ್ನ. ಆ ಬೆಕ್ಕಿನ ಮರಿ ಕಡೆ ನೋಡಿ.

ಅಕ್ಕಾ... ಆವತ್ತು ಅತ್ತೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ರು. ಬೆಳಿಗ್ಗೆ ಗೇಟು ಹಾಕ್ಕೊಂಡು ಹೋದದ್ದು ಅವರೇ. ನಾನು ಬೊಗಸೇನ ಇಲ್ಲಿ ಕಟ್ಟಿ ಹೋಗಿ, ಮನೆ ಗೇಟು ತೆರೆದೇ ಬಿಟ್ಟು, ಮೆಷಿನ್ ಮುಂದೆ ಕೂತೆ. ಅವರು ಬಂದ್ರು. ಗೇಟು ನೋಡಿದ್ರು, ಖಾಲಿ ಮೆಟ್ಟಿಲು ನೋಡಿದ್ರು. ಬಿಸಿಲಲ್ಲಿ ನಿಂತೇ ಕೇಳಿದ್ರು, "ಹೋಗುವಾಗ ನಾನು ಚಿಲಕ ಹಾಕಲಿಲ್ವೇನಮ್ಮ?" ನಾನು ದಾರ ಕಚ್ಚಿ ತುಂಡು ಮಾಡ್ತಿದ್ದೆ. ತಲೆ ಎತ್ತದೆ "ಹೂಂ" ಅಂದೆ. ಒಂದು ಹೂಂ ಅಕ್ಕಾ! ಯಜಮಾನ್ರು ಬಂದಾಗ ಅವರೇ ಅತ್ಕೊಂಡು ಹೇಳಿದ್ರು, "ಮುದಿ ಮರೆವು ಕಣೋ, ನಾನೇ ಕಳ್ಕೊಂಡೆ." ನಾನು ಮೆಷಿನ್ ತುಳೀತಾನೇ ಇದ್ದೆ. ಅವತ್ತಿಂದ ಶುರುವಾಗಿದ್ದು ಒಲೆ, ಬೀಗ, ನಲ್ಲಿ. ಅವರ ತಲೆ ಕೆಟ್ಟಿಲ್ಲ. ಕೆಟ್ಟಿದೆ ಅಂತ ನಂಬಿಸಿದ್ದು ನಾನು. ಆ ಮಾತ್ರೆ ನುಂಗಿಸ್ತಿರೋದೂ ನಾನು. ಶನಿವಾರ ಅವರನ್ನ ಮನೆ ಬಿಡಿಸ್ತಿರೋದೂ ನಾನೇ. ಆಯ್ತಾ? ಸಮಾಧಾನ ಆಯ್ತಾ ನಿಮಗೆ?

ಎಲ್ಲಿಗೆ ಎದ್ರಿ? ನಾಯಿ ಕೊಡಲ್ವಾ? ...ಏನಿದು ಫೈಲು? ಫಾರಂ ತಾನೇ, ಕೊಡಿ, ನಾನೇ ತುಂಬ್ತೀನಿ.

ತುಂಬಿದೆಯಲ್ಲ ಆಗಲೇ.

ಇದು... ಈ ಕೈಬರಹ... ನಮ್ಮತ್ತೆದು. ಸಾಮಾನಿನ ಚೀಟಿ ಬರೆಯೋದು ಹೀಗೇನೇ, ದಪ್ಪಕ್ಕೆ. "ಮನೆಯಲ್ಲಿರುವವರು ಮೂವರು." ಅವರ ಸಹಿ ಇದೆ. ಯಜಮಾನ್ರ ಕಡೆ ಬರೆದಿದ್ದಾರೆ, "ಸೊಸೆ ಹಾಕಿದ ಮೇಲೆ ಮಗ ಹಾಕುತ್ತಾನೆ." ನನ್ನ ಕಡೆ ಖಾಲಿ. ತಾರೀಕು... ತಾರೀಕು ತಪ್ಪಾಗಿದೆ ಅಕ್ಕಾ. ನಾಯಿ ಹೋಗಿ ಬರೀ ಹತ್ತು ದಿನಕ್ಕೆ?

ಬರ್ತಿದ್ರಾ? ಇಲ್ಲಿಗೆ? ...ವಾರ ವಾರ? ಮಂಡಿ ನೋವು ಇಟ್ಕೊಂಡು ಲೈಬ್ರರಿಗೆ ಅಂತ ಹೇಳಿ ಹೋಗ್ತಿದ್ರಲ್ಲ! ಆ ಬಿಸ್ಕತ್ ಡಬ್ಬಿ ಬೊಗಸೆಗಾ... ಹಾಗಾದ್ರೆ ಕಟ್ಟಿದ ಪಟ್ಟೀನೂ ನೋಡಿರ್ತಾರೆ. ನನ್ನ ಹೊಲಿಗೆ ಅವರಿಗೆ ಗೊತ್ತಾಗದೇ ಇರುತ್ತಾ, ಅವರೇ ಕಲಿಸಿದ್ದು. ಅಂದ್ರೆ ಮೂರು ತಿಂಗಳು... "ಆರಿಸಿದ್ನಾ ನೋಡಮ್ಮ, ಹಾಕಿದ್ನಾ ನೋಡಮ್ಮ"... ಅದೆಲ್ಲ ನನ್ನ ಬಾಯಿ ಬಿಡಿಸೋಕೆ ಹೇಳ್ತಿದ್ದದ್ದಾ? ಬಾಯಿ ತೆರೆದು ತೋರಿಸಿ, ಆಮೇಲೆ ಮಾತ್ರೆ ಬಚ್ಚಲಿಗೆ ಉಗೀತಿದ್ರಾ? ಮಗನಿಗೆ ಒಂದು ಮಾತು ಹೇಳಿದ್ರೆ ನನ್ನನ್ನ ಆ ನಿಮಿಷವೇ ಹೊರಗೆ ಹಾಕ್ತಿದ್ರು. ಹೇಳಲಿಲ್ಲ. ಟ್ರಂಕು ತುಂಬ್ಕೊಂಡು ಕೂತ್ರು, ಹೇಳಲಿಲ್ಲ.

ಕೆಳಗೇನೋ ಬರೆದಿದೆ. ಕಣ್ಣು ಮಂಜಾಗ್ತಿದೆ, ತಾಳಿ. "ನನ್ನ ಸೊಸೆ ಒಂದಲ್ಲ ಒಂದು ದಿನ ಬರುತ್ತಾಳೆ. ಅವಳಾಗಿ ಹೇಳುವವರೆಗೆ ಏನೂ ಕೇಳಬೇಡಿ. ಹೇಳದಿದ್ದರೂ ನಾಯಿ ಕೊಟ್ಟು ಕಳಿಸಿ."

ಹೇಳದಿದ್ದರೂ!

ಪೆನ್ನು ಕೊಡಿ. ...ಇಲ್ಲಿ ತಾನೇ? ಅವರ ಹೆಸರಿನ ಕೆಳಗೆ? ಹಾಕ್ದೆ. ಹೋಗಿ, ಗೂಡು ತೆಗೀರಿ. ...ಇಲ್ಲ, ಒಂದು ನಿಮಿಷ ಅಕ್ಕಾ. ವಾರ ವಾರ ಇಲ್ಲಿ ಬಂದು ಕೂತಾಗ ನನ್ನ ಬಗ್ಗೆ ಏನಾದ್ರೂ ಅಂದ್ರಾ? ಅಂದಿರ್ತಾರೆ. ಹೇಳಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ನಾಯಿ ಕರ್ಕೊಂಡು ಹೋಗಿ ಆ ಬಾಗಿಲು ತಟ್ಟಬೇಕಲ್ಲ ನಾನು, ಏನಾದ್ರೂ ಗೊತ್ತಿದ್ರೆ ಒಳ್ಳೇದು...

ಏನೂ ಇಲ್ವಾ? ಒಂದು ಬೈಗುಳಾನೂ?