ಗೋಡೆಯಲ್ಲಿ ಕೇಳಿದ ಸದ್ದಿನ ಬಗ್ಗೆ

ನನ್ನ ಹೆಸರು ಒಂಬಾಟಿ ನ್ಯಾಂಗೌ, ವಯಸ್ಸು 36, ಕಸುಬು ಮನೆಗಳಿಗೆ ಸ್ಪೀಕರ್ ಮತ್ತು ಸಬ್‌ವೂಫರ್ ಕೂರಿಸುವುದು, ವಾಸ ಕೀಸಿ ಪಟ್ಟಣ. ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ, ನನ್ನ ಅಕ್ಕ ಬೊಸಿಬೊರಿಯ ಸಾವಿನ ವಿಚಾರದಲ್ಲಿ ನೀವು ಹಿಡಿದು ಕೂರಿಸಿರುವ, ಜನರನ್ನು ಬಾಡಿಗೆಗೆ ಸಾಗಿಸುವ ಮಟಾಟು ವ್ಯಾನಿನ ಚಾಲಕ ಮಕೋರಿಯದು ಏನೂ ತಪ್ಪಿಲ್ಲ. ಅವನ ಮನೆಯ ಗದ್ದಲದಲ್ಲಿ ಅವಳ ಕೂಗು ಕೇಳಿಸಲಿಲ್ಲವೆಂದು ವಠಾರದವರು ದೂರಿದ್ದಾರೆ. ಗದ್ದಲ ನನ್ನದು.

ಅಕ್ಕ ಟೈಲರ್. ಚಿಕ್ಕಂದಿನಿಂದ ಉಬ್ಬಸ. ಮಕೋರಿಯದು ಪಕ್ಕದ ಮನೆ, ನಡುವೆ ಒಂದೇ ಗೋಡೆ. ಅವನ ಮನೆಗೆ ಸ್ಪೀಕರ್ ಕೂರಿಸುವ ಕೆಲಸ ನನಗೆ ಕೊಡಿಸಿದವಳೂ ಅಕ್ಕನೇ. ನಿನ್ನೆ ಶನಿವಾರ ಮಧ್ಯಾಹ್ನ 2 ಗಂಟೆಗೆ ನಾನು ಹೋದಾಗ ಬಾಗಿಲ ಬಳಿ ಹೊಲಿಯುತ್ತಿದ್ದಳು. "ನಿನ್ನ ಡಬ್ಬ ಗುಡುಗಿಸೋದು ಮುಗಿಸಿ ಬೇಗ ಬಾರೋ. ಉಗಾಲಿ ಮುದ್ದೆ ಆರಿಹೋದ್ರೆ ನಾನು ಮತ್ತೆ ಮಾಡೋಳಲ್ಲ" ಎಂದಳು.

ತನ್ನ ವ್ಯಾನಿನಲ್ಲಿರುವಂತೆ ಎದೆ ಅದುರುವ ಸದ್ದು ಮನೆಯಲ್ಲೂ ಬೇಕೆಂದು ಮಕೋರಿ ಕೇಳಿದ್ದನು. ವೂಫರಿನ ಜಾಗ ಹುಡುಕಲು ನಾವು ಮೊದಲು ಅದನ್ನು ಸೋಫಾದ ಮೇಲಿಟ್ಟು ಹಾಡು ಹಾಕಿ, ನೆಲದ ಮೇಲೆ ಅಂಬೆಗಾಲಿಟ್ಟು ಕೋಣೆ ಸುತ್ತುತ್ತೇವೆ. ಎಲ್ಲಿ ಸದ್ದು ತುಂಬಿ ಕೇಳುತ್ತದೋ ಅಲ್ಲಿ ವೂಫರ್ ಇಡುತ್ತೇವೆ. ಮಕೋರಿ ನನ್ನನ್ನು ನೋಡಿ, ಮಗುವಿಗೆ ಹಲ್ಲು ಬಂತೇ ಎಂದು ನಕ್ಕನು. ಅಕ್ಕನ ಗೋಡೆಯ ಮೂಲೆಯಲ್ಲಿ ಸದ್ದು ಚೆನ್ನಾಗಿತ್ತು. 2.35ಕ್ಕೆ ಗೋಡೆಯಿಂದ ಒಂದು ಗೇಣು ಬಿಟ್ಟು ಅಲ್ಲಿಟ್ಟೆನು.

2.40ಕ್ಕೆ ಟಕ್ ಟಕ್ ಎಂದು ಕೇಳತೊಡಗಿತು. ಮಕೋರಿ, "ಯಾರೋ ಗೋಡೆ ಬಡೀತಿದಾರೆ ಕಣೋ. ನಿಮ್ಮಕ್ಕ ಬೈತಿರಬೇಕು, ಸ್ವಲ್ಪ ತಗ್ಗಿಸು" ಎಂದನು. ನಾನು, "ಹನ್ನೆರಡು ವರ್ಷ ಪಳಗಿರೋ ಕಿವಿ ಇದು. ನೀನು ನಿನ್ನ ಸ್ಟೇರಿಂಗ್ ನೋಡ್ಕೊ. ಯಾವುದೋ ಸಡಿಲ ಸಾಮಾನು ಅದುರ್ತಿದೆ ಅಷ್ಟೆ" ಎಂದೆನು. ಹೋಗಿ ನೋಡಿಬರುತ್ತೇನೆಂದು ಅವನು ಎದ್ದನು. ತಡೆದು, ಕಪಾಟನ್ನು ಒತ್ತಿ ಹಿಡಿದುಕೊಳ್ಳಲು ಹೇಳಿದವನು ನಾನು. ಕ್ಯಾಲೆಂಡರ್ ಇಳಿಸಿದೆನು. ಕಿಟಕಿಯ ಗಾಜಿನ ಸಂದಿಗೆ ಕಾಗದ ತುರುಕಿದೆನು. ಕೊನೆಗೆ ವೂಫರಿಗೂ ಗೋಡೆಗೂ ನಡುವೆ ಹಳೆಯ ಹಾಸಿಗೆಯ ಸ್ಪಂಜು ಇಟ್ಟೆನು. 2.52ಕ್ಕೆ ಸದ್ದು ನಿಂತಿತು. "ನಾನು ಹೇಳ್ಲಿಲ್ವಾ" ಎಂದೆನು. ಖುಷಿಗೆ ಇನ್ನೂ ನಾಲ್ಕು ಹಾಡು ಹಾಕಿದೆನು.

3.15ಕ್ಕೆ ಊಟಕ್ಕೆ ಹೋದೆನು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅಕ್ಕ ಮಕೋರಿಯ ಮನೆಯ ಕಡೆಯ ಗೋಡೆಗೆ ಒರಗಿ ಬಿದ್ದಿದ್ದಳು. ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಗೋಡೆಯ ಗಾರೆ ಉದುರಿತ್ತು. ಉಬ್ಬಸದ ಪಂಪು ಖಾಲಿಯಾಗಿ ಪಕ್ಕದಲ್ಲಿತ್ತು. ಮಕೋರಿಯೇ ತನ್ನ ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದನು. 3.40ಕ್ಕೆ, ಜೀವ ಹೋಗಿದೆ ಎಂದರು. ತಟ್ಟೆ ಮುಚ್ಚಿಟ್ಟಿದ್ದ ಮುದ್ದೆ ನಾನು ವಾಪಸು ಬಂದಾಗಲೂ ಇನ್ನೂ ಉಗುರುಬೆಚ್ಚಗಿತ್ತು.

ಇನ್ನೊಂದು ಮಾತು ಬರೆದುಕೊಳ್ಳಿ. ಸಡಿಲ ಸಾಮಾನು ಹಾಡಿನ ತಾಳಕ್ಕೇ ಅದುರುತ್ತದೆ, ಹಾಡು ನಿಂತರೆ ತಾನೂ ನಿಲ್ಲುತ್ತದೆ. ಇದು ನನ್ನ ಕಸುಬಿನ ಮೊದಲ ಪಾಠ. ಆ ಸದ್ದು ತಾಳ ತಪ್ಪಿ ಬರುತ್ತಿತ್ತು. ಎರಡು ಹಾಡುಗಳ ನಡುವೆಯೂ ಬಂತು. ಮಕೋರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ನನಗೆ ಕೇಳಿಸಿತ್ತು. ಮಕೋರಿಯನ್ನು ಬಿಟ್ಟುಬಿಡಿ.

ಬರೆದದ್ದನ್ನು ಓದಿ ಹೇಳಿದ್ದಾರೆ. ನನ್ನ ಕಿವಿಯಾರೆ ಕೇಳಿದ್ದೇನೆ, ಎಲ್ಲವೂ ನಿಜ.

ಸ್ಥಳ: ಕೀಸಿ
ದಿನಾಂಕ: 18-08-2019
ಸಹಿ: ಒಂಬಾಟಿ ನ್ಯಾಂಗೌ