ಉಪ್ಪುನೀರಿನ ಪೀಪಾಯಿ

ದೀಪ ಸ್ವಲ್ಪ ಸಣ್ಣ ಮಾಡಿ... ಇದು ಜೋರಾಗಿ ಹೇಳುವಂಥದ್ದಲ್ಲ.

ಆ ರಾತ್ರಿ ನನ್ನ ಚಿಕ್ಕಪ್ಪನ ಮಗ ಬೊಳ್ಳಪ್ಪ, ಗಾಳಿಬೀಡಿನ ಕಡೆಯ ಒಂದು ಎಸ್ಟೇಟಿನಲ್ಲಿ ಬಾವಿ ದಾಟಿ ಪವರ್‌ಹೌಸಿಗೆ ಇಳಿಯುತ್ತಿದ್ದ. ಕೊಡಗು ಮೈಸೂರಿಗೆ ಸೇರಿ ಎರಡು ವರ್ಷ ಆಗಿತ್ತು. ಸರ್ಕಾರದ ಕರೆಂಟು ಇನ್ನೂ ಆ ಕಡೆ ಬಂದಿರಲಿಲ್ಲ. ತೊರೆಯ ನೀರಿಗೆ ತಿರುಗುವ ಒಂದು ಡೈನಮೋ ಇತ್ತು, ದೊರೆಯ ಬಂಗ್ಲೆಗೆ ಮಾತ್ರ. ಕೂಲಿಗಳ ಸಾಲುಮನೆಗೆ, ಅದೇ ಲೈನಿಗೆ, ಒಂದು ಬಲ್ಬೂ ಇಲ್ಲ.

ಬಂಗ್ಲೆಯವರು ಅರ್ಧ ದೀಪ ಆರಿಸಿದರೆ ಡೈನಮೋ ಹಗುರಾಗಿ ಹುಚ್ಚೆದ್ದು ತಿರುಗುತ್ತದೆ, ಉಳಿದ ಬಲ್ಬುಗಳು ಸುಟ್ಟುಹೋಗುತ್ತವೆ. ಅದಕ್ಕೇ ಬೊಳ್ಳಪ್ಪ ರಾತ್ರಿಯಿಡೀ ಮೀಟರಿನ ಮುಳ್ಳು ನೋಡುತ್ತ ಕೂರಬೇಕು. ಮುಳ್ಳು ಏರಿದರೆ ಹಗ್ಗ ಸಡಿಲಿಸಿ, ಎರಡು ಕಬ್ಬಿಣದ ತಗಡನ್ನು ಉಪ್ಪುನೀರಿನ ಪೀಪಾಯಿಗೆ ಇಳಿಸಬೇಕು. ಹೆಚ್ಚಾದ ಕರೆಂಟೆಲ್ಲ ಆ ನೀರು ಕುದಿಸುವುದರಲ್ಲಿ ಮುಗಿಯುತ್ತದೆ. ಲೈನಿಗೆ ಕೊಡಲು ಇಲ್ಲ, ಸುಡಲು ಇದೆ. ಥೂ, ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ.

ಲೈನಿನ ಬಾಣಂತಿ ಮುತ್ತಿ ಬೆಳಗಿನ ಜಾವ ಬಂದು ಆ ತುಕ್ಕುನೀರನ್ನು ಒಯ್ಯುತ್ತಿದ್ದಳು. ತೋಟದ ಸೌದೆ ಮುಟ್ಟಬಾರದೆಂದು ದೊರೆಯ ಹುಕುಂ. ಆ ಚಳಿಯಲ್ಲಿ ಕೂಸನ್ನು ಮೀಯಿಸಲು ಬಿಸಿನೀರು ಬೇಡವೇ? ಅಷ್ಟು ಹೊತ್ತಿಗೆ ಬಂಗ್ಲೆಯ ಅಡುಗೆಮನೆಯಲ್ಲಿ ದೀಪ ಹೊತ್ತುವುದರಿಂದ ಬೊಳ್ಳಪ್ಪ ತಗಡು ಎತ್ತಿಬಿಟ್ಟಿರುತ್ತಿದ್ದ, ಅವಳಿಗೂ ಅದು ಗೊತ್ತಿತ್ತು. ಒಂದು ರಾತ್ರಿ ದೊರೆಯ ನಾಯಿ ತಪ್ಪಿಸಿಕೊಂಡಿತು. ಹುಡುಕಲು ಬೊಳ್ಳಪ್ಪನನ್ನು ಅಟ್ಟಿದರು. ತಗಡು ನೀರಲ್ಲೇ ಉಳಿಯಿತು, ನೀರಲ್ಲಿ ಕರೆಂಟು ಹರಿಯುತ್ತಲೇ ಇತ್ತು. ಮುತ್ತಿ ಎಂದಿನಂತೆ ಬಂದಳು. ಆವಿಯಲ್ಲಿ ಏನೂ ಕಾಣಲಿಲ್ಲ. ಬಿಂದಿಗೆ ಅದ್ದಿದಳು... ಅಷ್ಟೇ.

ದೊರೆ ಬಂದು ನೋಡಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. "ನೀರು ಚೆಲ್ಲಬೇಡ, ಉಪ್ಪು ದಂಡ," ಅಂದ. ಹೆಣ ಬಿದ್ದಿದ್ದ ನೀರು ಅದು. ಅವನ ಬಾಯಿಗೇ ಹೊಯ್ಯಬೇಕಿತ್ತು.

ನಾನು ಹೇಳಿದ ರಾತ್ರಿ ಅದಾಗಿ ಮೂರನೆಯದು. ಬಂಗ್ಲೆಗೆ ನೆಂಟರು ಬಂದಿದ್ದರು. "ಒಂದು ಬಲ್ಬು ಹೋದರೂ ನಾಳೆ ನೀನು ಗೇಟಿನ ಆಚೆ," ಎಂದು ದೊರೆ ಮೊದಲೇ ಹೇಳಿದ್ದ. ಹನ್ನೊಂದಕ್ಕೆ ಅರ್ಧ ದೀಪ ಆರಿದವು. ಬೊಳ್ಳಪ್ಪ ತಗಡು ಇಳಿಸಿದ. ರಾಟೆ ಕಿರ್ರ್... ನೀರು ಗುಳುಗುಳು...

ಪಕ್ಕದಲ್ಲೇ ಟಣ್ ಅಂತು. ಬಿಂದಿಗೆ ನೆಲಕ್ಕಿಟ್ಟ ಸದ್ದು.

"ಬೊಳ್ಳಣ್ಣ... ತಗಡು ಎತ್ತಿ."

ತಿರುಗಿ ನೋಡಿದರೆ ಯಾರೂ ಇಲ್ಲ.

"ಎತ್ತಿದ್ರೆ ನನ್ನ ಕೆಲಸ ಹೋಗ್ತದೆ, ಮುತ್ತಿ," ಎಂದು ಪಿಸುಗುಟ್ಟಿದ.

"ಕೂಸಿಗೆ ಚಳಿ..."

ಬೊಳ್ಳಪ್ಪ ಹಗ್ಗ ಎಳೆದ. ಎಳೆದು ಹಿಡಿದೇ ನಿಂತ. ಊಂ ಅನ್ನುತ್ತಿದ್ದ ಡೈನಮೋ ಕೀಂ ಎಂದು ಕೂಗತೊಡಗಿತು. ಮುಳ್ಳು ತುದಿಗೆ ಹೋಗಿ ನಡುಗಿತು. ಪೀಪಾಯಿಯೊಳಗೆ ಬುಳುಕ್... ಬುಳುಕ್... ಮೇಲೆ ಬಂಗ್ಲೆಯ ಕಿಟಕಿಗಳು ಬೆಳ್ಳಗೆ ಹೊಳೆದು ಒಂದೊಂದಾಗಿ ಕತ್ತಲಾದವು. ಅವನು ಹಗ್ಗ ಬಿಡಲಿಲ್ಲ. ಬಿಂದಿಗೆ ತುಂಬಿದ ಸದ್ದು ಕೇಳಿದ ಮೇಲೆಯೇ ಬಿಟ್ಟ.

ಬೆಳಗಾಗುತ್ತಲೇ ಅವನನ್ನು ಓಡಿಸಿದರು. ಸುದ್ದಿ ಕೇಳಿ ಅವನ ಪೆಟ್ಟಿಗೆ ಹೊರಲು ನಾನು ಹೋದೆ. ಇಬ್ಬರೂ ಲೈನಿಗೆ ಹೋದೆವು. ಮುತ್ತಿಯ ಅತ್ತೆ ಜವರಿ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು.

"ನಾನು ಒಲೆ ಹಚ್ಚಿಲ್ಲ," ಅಂದಳು. ನಾವು ಕೇಳಿಯೇ ಇರಲಿಲ್ಲ.

ಒಲೆಗೆ ಕೈಯಿಟ್ಟು ನೋಡಿದೆ. ಬೂದಿ ತಣ್ಣಗಿತ್ತು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಕೈಯಾರೆ ಮುಟ್ಟಿದ್ದೇನೆ. ಕೂಸಿನ ಮೈ ಬೆಚ್ಚಗಿತ್ತು, ತಲೆಗೂದಲು ಇನ್ನೂ ಒದ್ದೆಯಾಗಿತ್ತು.